ಗುತ್ತಿಗೆದಾರನಿಗೆ ಹೊದಿಸಿದ ಶಾಲು

ಸಿಟ್ಟು ಬರುವುದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಬೇಕು. ನಮ್ಮ ಓಣಿಯ ಒಬ್ಬರಿಗೆ ಚಹಕ್ಕೆ ಸಕ್ಕರೆ ಕಡಿಮೆಯಾದರೆ ಸಿಟ್ಟು. ನಮ್ಮ ಅತ್ತೆಯವರಿಗೆ ಸಕ್ಕರೆ ಕಡಿಮೆ ಹಾಕಲೇ ಎಂದು ಕೇಳಿದರೆ ಸಿಟ್ಟು. ನನಗೆ ಶಾಲು ಕಂಡರೆ ಸಿಟ್ಟು. ಚಳಿಗೆ ಹೊದೆಯುವ ಶಾಲಲ್ಲ, ವೇದಿಕೆಯ ಮೇಲೆ ಹೊದಿಸುವ ಶಾಲು. ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟು, ಬಿಡಿಸಿದಾಗ ಡಾಂಬರು ಗುಳಿಗೆಯ ವಾಸನೆ ಹೊಡೆಯುವ, ನಿಜವಾಗಿ ಚಳಿಗೆ ಹೊದ್ದರೆ ಇದಕ್ಕಿಂತ ಬರಿಮೈಯೇ ಬೆಚ್ಚಗಿತ್ತು ಅನ್ನಿಸುವ ಆ ಶಾಲು. ನಮ್ಮ ಕಡೆ ಇಬ್ಬರು ಮನುಷ್ಯರು ವೇದಿಕೆ ಹತ್ತಿದರೆಂದರೆ ಮುಗಿಯಿತು, ಒಬ್ಬರು ಇನ್ನೊಬ್ಬರಿಗೆ ಶಾಲು ಹೊದಿಸಿ ಕೈಗೆ ತೆಂಗಿನಕಾಯಿ ಕೊಡಲೇಬೇಕು. ಒಮ್ಮೆ ಒಂದು ಶಾಲು ಉಳಿಯಿತೆಂದು ಮೈಕು ರಿಪೇರಿಗೆ ಬಂದವನನ್ನೇ ಮೇಲೆ ಕರೆದು ಸತ್ಕಾರ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮೈಕು ಆಗಲೂ ಕಿರ್ರೆನ್ನುತ್ತಿತ್ತು.

ಕಂಡಿದ್ದೇನೆ ಎಂದರೆ ಪ್ರೇಕ್ಷಕನಾಗಿ ಅಲ್ಲ. ಅವನ ಹೆಸರು ಕೂಗಿದವನು ನಾನೇ. ಮರಾಠಿ ನಾಡಿಗೆ ಸೇರಿದ ಜತ್ತ ತಾಲೂಕಿನ ಗಡಿಯಂಚಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಅದೊಂದು ಶಿಕ್ಷಣ ಸಂಸ್ಥೆ, ಅದಕ್ಕೊಬ್ಬರು ಅಧ್ಯಕ್ಷರು. ಒಂದು ದಿನ ಅವರು ನನ್ನನ್ನು ಕರೆಸಿ, "ಸರ್ರ, ನಿಮಗ ಕನ್ನಡಾ ಬರತೈತಿ, ಮರಾಠಿ ಬರತೈತಿ, ಮ್ಯಾಲ ಕನ್ನಡಾ ಕಲಸೂದು ಅಂದ್ರ ಏನ ಅಷ್ಟ ಕೆಲಸ ಇರೂದಿಲ್ಲ. ಇವತ್ತಿಂದ ನೀವ ನಮ್ಮ ಪ್ರಸಿದ್ಧಿ ಪ್ರಮುಖ್ರು" ಎಂದರು. ಹೀಗೆ ನನ್ನ ವಿಷಯವನ್ನೂ ನನ್ನನ್ನೂ ಒಂದೇ ಉಸಿರಿನಲ್ಲಿ ಅವಮಾನಿಸಿ ಬಡ್ತಿ ಕೊಟ್ಟವರು ಅವರೊಬ್ಬರೇ. ದೊಡ್ಡ ಕಂಪನಿಗಳಲ್ಲಿ ಇದನ್ನೇ ಸಾರ್ವಜನಿಕ ಸಂಪರ್ಕಾಧಿಕಾರಿ ಎನ್ನುತ್ತಾರಂತೆ, ಅವರಿಗೆ ಬೇರೆ ಕೋಣೆ ಇರುತ್ತದಂತೆ. ನನಗೆ ಸ್ಟಾಫ್ ರೂಮಿನ ಕಪಾಟಿನಲ್ಲಿ ಒಂದು ಖಾನೆ ಕೊಟ್ಟರು. ಅದರ ತುಂಬ ಶಾಲುಗಳಿದ್ದವು.

ನಮ್ಮಲ್ಲಿ ಸುದ್ದಿಗೆ ಬಾತ್ಮಿ ಎನ್ನುತ್ತಾರೆ. ಯಾವುದೇ ಕಾರ್ಯಕ್ರಮವಾಗಲಿ, ಸಾಂಗಲಿ ಕಡೆಯ ಪತ್ರಿಕೆಗಳಿಗೆ ಮರಾಠಿಯಲ್ಲಿ, ವಿಜಯಪುರ ಕಡೆಯ ಪತ್ರಿಕೆಗಳಿಗೆ ಕನ್ನಡದಲ್ಲಿ ಬಾತ್ಮಿ ಬರೆದು ಕಳಿಸುವುದು ನನ್ನ ಕೆಲಸ. ಬರೆಯುವ ಕ್ರಮ ನನಗಿಂತ ಮೊದಲೇ ನಿಶ್ಚಯವಾಗಿತ್ತು. ಇಂಥವರ ಅಧ್ಯಕ್ಷತೆಯಲ್ಲಿ, ಇಂಥವರ ಅಮೃತಹಸ್ತದಿಂದ, ಇಂಥಿಂಥವರ ಗೌರವ ಉಪಸ್ಥಿತಿಯಲ್ಲಿ, ಉಪಾಧ್ಯಕ್ಷರು, ಕಾರ್ಯದರ್ಶಿಗಳು, ಸಂಚಾಲಕರು, ಮಾಜಿ ಸಂಚಾಲಕರು ಎಂದು ಸಾಗುತ್ತ ಸಾಗುತ್ತ ಕ್ರಿಯಾಪದ ಬರುವ ಹೊತ್ತಿಗೆ ಪತ್ರಿಕೆಯಲ್ಲಿ ಓದುವವನ ಕಣ್ಣು ಪಕ್ಕದ ಜಾಹೀರಾತಿಗೆ ಹೋಗಿರುತ್ತದೆ. ಒಂದು ಸಲ ಇಬ್ಬರು ಸಂಚಾಲಕರ ಹೆಸರು ಹಿಂದುಮುಂದಾಗಿದ್ದಕ್ಕೆ ಅವರಿಬ್ಬರೂ ನನ್ನ ಜೊತೆ ಮಾತು ಬಿಟ್ಟರು. ಮುಂದಾದವರೂ ಯಾಕೆ ಬಿಟ್ಟರೆಂದು ಇವತ್ತಿಗೂ ತಿಳಿದಿಲ್ಲ. ನನ್ನ ಹೆಂಡತಿ ಶಾಂತಾ ಒಂದು ದಿನ ನನ್ನ ಬಾತ್ಮಿ ಓದುತ್ತ ಕುಳಿತು ಅರ್ಧಕ್ಕೇ ತಲೆ ಎತ್ತಿ, "ಏನ ಆತು ಅಂಬೂದು ಯಾವಾಗ ಬರತೈತ್ರಿ?" ಎಂದು ಕೇಳಿದ್ದಳು. ಅವಳಿಗೆ ಸಾಹಿತ್ಯ ತಿಳಿಯುವುದಿಲ್ಲ ಎಂದುಕೊಂಡಿದ್ದೆ.

ಈಗ ಪೂಲಿನ, ಅಂದರೆ ಸೇತುವೆಯ, ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿಂದ ನನ್ನ ರಕ್ತ ಕುದಿಯಲು ಶುರುವಾಗುತ್ತದೆ. ಶಾಲೆಗೂ ಹಳ್ಳದಾಚೆಯ ಕೂಲಿಕಾರರ ವಸ್ತಿಗೂ ನಡುವೆ ಒಂದು ಕಿರುಸೇತುವೆ ಮಂಜೂರಾಗಿತ್ತು. ಗುತ್ತಿಗೆ ಹಿಡಿದವನು ರಾಯಗೊಂಡಪ್ಪ ಎಂಬ ಮಹಾನುಭಾವ. ಅವನು ಇದ್ದ ದಾರಿಯನ್ನು ಅಗೆದು, ಎರಡೂ ದಂಡೆಗೆ ಕಂಬ ಎಬ್ಬಿಸಿ, ಕಬ್ಬಿಣದ ಸಲಾಕೆಗಳನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿ, ಮುಂದಿನ ಕೆಲಸ ಹಿಡಿದು ಬೇರೆ ಊರಿಗೆ ಹೋಗಿಬಿಟ್ಟ. ನಡುವಿನ ಗುಂಡಿಗೆ ಯಾರೋ ಒಂದು ಹಲಗೆ ಹಾಕಿದ್ದರು. ಅದರ ಮೇಲೆ ವಸ್ತಿಯ ಮಕ್ಕಳು ದಿನಾ ಪಾಟಿಚೀಲ ಹೊತ್ತು ದಾಟುತ್ತಿದ್ದವು. ಹತ್ತನೇ ಇಯತ್ತೆಯ ಸುಜಾತಾ ಒಂದು ದಿನ ಹಲಗೆ ಜಾರಿ ಕೆಳಗೆ ಬಿದ್ದು ಎಡಗೈ ಮುರಿದುಕೊಂಡಳು. ಸಲಾಕೆ ಅವಳ ಪಕ್ಕದಲ್ಲೇ ಇತ್ತು. ಅವಳ ತಾಯಿ ಕಮಲವ್ವ ದ್ರಾಕ್ಷಿ ತೋಟದ ಕೂಲಿಗೆ ಹೋಗುವವಳು. ಮರುದಿನ ಕೂಲಿ ಬಿಟ್ಟು ಶಾಲೆಗೆ ಬಂದಳು.

"ಕೈ ಮುರದೈತಿ, ಕೂಡತೈತ್ರಿ ಸರ್ರ," ಎಂದಳು. "ಆ ಸಲಾಕಿ ಹೊಟ್ಟ್ಯಾಗ ಹೊಕ್ಕಿದ್ರ ಯಾರನ್ನ ಕೇಳ್ಲಿ? ಮಳಿ ಬರೂದ್ರಾಗ ಪೂಲ ಆಗ್ಲಿಲ್ಲಂದ್ರ ಹುಡಿಗೀನ ಸಾಲಿ ಬಿಡಸ್ತೀನಿ. ಹಳ್ಳ ಬಂದ ಮ್ಯಾಲ ಆ ಹಲಗಿ ಮ್ಯಾಲ ನಾ ಕಳಸಾಕಿ ಅಲ್ಲ. ನನ್ನ ಜೋಡಿ ತ್ವಾಟಕ್ಕ ಬರ್ಲಿ."

ಸುಜಾತಾ ಅವಳ ಹಿಂದೆ ನಿಂತಿದ್ದಳು. ಇಡೀ ತರಗತಿಯಲ್ಲಿ ಹಳಗನ್ನಡದ ಪದ್ಯವನ್ನು ತಡವರಿಸದೆ ಓದುವ ಹುಡುಗಿ ಅವಳೊಬ್ಬಳೇ. ನನಗೆ ಎಂಥ ಸಿಟ್ಟು ಬಂತೆಂದರೆ ನೇರವಾಗಿ ಅಧ್ಯಕ್ಷರ ಮನೆಗೆ ಹೋಗಿ, ಚಹ ಕೂಡ ಬೇಡವೆಂದು, ಪತ್ರಿಕಾಗೋಷ್ಠಿ ಕರೆಯಲೇಬೇಕು ಎಂದೆ. ರಾಯಗೊಂಡಪ್ಪನನ್ನೂ ಕರೆಸೋಣ, ಪತ್ರಕಾರರ ಎದುರಿಗೇ ಅವನು ಉತ್ತರ ಕೊಡಲಿ. ಅಧ್ಯಕ್ಷರಿಗೂ ವಿಚಾರ ಹಿಡಿಸಿತು. ಅವರೂ ಕೆಟ್ಟವರೇನಲ್ಲ, ಸುಜಾತಾಳ ಆಸ್ಪತ್ರೆಯ ಕೆಲಸಕ್ಕೆ ತಮ್ಮ ಗಾಡಿಯನ್ನೇ ಕೊಟ್ಟಿದ್ದರು. "ಚಲೋ ಝಾಡಸೋಣು ಅವನ್ನ" ಎಂದರು. ಇಬ್ಬರೂ ಹಲ್ಲು ಕಡಿದೆವು. ಆಮೇಲೆ ಅವರು ಬಾಗಿಲ ತನಕ ಬಂದು, "ಅಂದಂಗ ಸರ್ರ, ಶಾಲ ಎಷ್ಟ ಅದಾವ ನೋಡ್ರಿ" ಎಂದರು.

"ಶಾಲು ಯಾಕ್ರಿ? ನಾವು ಬೈಯಾಕ ಕರಿಯಾಕ್ಹತ್ತೀವಿ."

"ಬೈಯೂದು ಬೈಯೋಣ್ರಿ. ಆದ್ರ ಕರದು ತಂದ ಮನಶ್ಯಾಗ ಬರಿಗೈಲೆ ಬೈತಾರೇನು? ಮೊದ್ಲ ಸತ್ಕಾರ, ಆಮ್ಯಾಲ ಬೈಗುಳ."

ಅಲ್ಲಿಯೇ ನಾನು ಕೂಗಾಡಬೇಕಿತ್ತು. ಕೂಗಾಡಲಿಲ್ಲ. ಖಾನೆಯಿಂದ ಶಾಲು ತೆಗೆದಿಟ್ಟೆ.

ಗೋಷ್ಠಿಯ ದಿನ ಪತ್ರಕಾರರು ಬಂದರು, ಉಪ್ಪಿಟ್ಟು ಶಿರಾ ತಿಂದರು. ರಾಯಗೊಂಡಪ್ಪ ಬಿಳಿ ಅಂಗಿ ತೊಟ್ಟು, ಬೈಸಿಕೊಳ್ಳಲು ಸಿದ್ಧನಾಗಿ, ತಪ್ಪಿತಸ್ಥನ ಮುಖ ಮಾಡಿಕೊಂಡೇ ಬಂದಿದ್ದ. ಪಾಪ, ಅವನ ತಯಾರಿಯನ್ನು ಹಾಳು ಮಾಡಿದವನು ನಾನು. ಮೈಕು ಕೈಗೆ ಬಂದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಸತ್ಕಾರ ಎಂದ ಕೂಡಲೇ ಅದು ತನ್ನಷ್ಟಕ್ಕೆ, "ಕರ್ತವ್ಯದಕ್ಷ, ಕಾರ್ಯತತ್ಪರ, ನಮ್ಮ ಭಾಗದ ವಿಕಾಸಕ್ಕಾಗಿ ಹಗಲಿರುಳು ದುಡಿಯುತ್ತಿರುವ" ಎಂದು ಹೇಳಿಬಿಟ್ಟಿತು. ರಾಯಗೊಂಡಪ್ಪ ಮೊದಲು ಹಿಂದೆ ತಿರುಗಿ ಯಾರ ಬಗ್ಗೆ ಹೇಳುತ್ತಿದ್ದಾರೆಂದು ನೋಡಿದ. ತನ್ನ ಬಗ್ಗೆಯೇ ಎಂದು ತಿಳಿದಾಗ ಅವನ ಕಣ್ಣು ಒದ್ದೆಯಾದವು. ಅಧ್ಯಕ್ಷರು ಶಾಲು ಹೊದಿಸಿದರು, ಕ್ಯಾಮೆರಾಗಳು ಮಿಂಚಿದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಸುಜಾತಾಳೂ ತಟ್ಟಲು ನೋಡಿದಳು. ಒಂದು ಕೈ ಪ್ಲಾಸ್ಟರಿನಲ್ಲಿತ್ತು.

ಆಮೇಲೆ ಅಧ್ಯಕ್ಷರು ಪ್ರಾಸ್ತಾವಿಕ ಮಾತಿಗೆ ನಿಂತರು. ಸಂಸ್ಥೆ ಒಂದು ತಗಡಿನ ಶೆಡ್ಡಿನಲ್ಲಿ ಹೇಗೆ ಪ್ರಾರಂಭವಾಯಿತು ಎಂಬಲ್ಲಿಂದ ಹೊರಟು, ಆ ತಗಡು ಯಾರು ಕೊಟ್ಟರು, ಕೊಡುತ್ತೇನೆಂದು ಹೇಳಿ ಯಾರು ಕೊಡಲಿಲ್ಲ ಎಂಬಲ್ಲಿಗೆ ಬಂದಾಗ ಪತ್ರಕಾರರು ಒಬ್ಬೊಬ್ಬರಾಗಿ ಗಡಿಯಾರ ನೋಡಿಕೊಂಡು ಎದ್ದರು. ಮುಚ್ಚಂಡಿಯಲ್ಲಿ ಅವರಿಗೆ ಇನ್ನೊಂದು ಕಾರ್ಯಕ್ರಮವಿತ್ತು. ಕಮಲವ್ವನ ಕೈಗೆ ಮೈಕು ಬಂದಾಗ ಅವಳೆದುರು ಇದ್ದದ್ದು ಖಾಲಿ ಕುರ್ಚಿ, ಶಿರಾದ ತಟ್ಟೆ ಮತ್ತು ಶಾಲು ಹೊದ್ದ ರಾಯಗೊಂಡಪ್ಪ. ಅವಳು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅವನು "ಆಗತೈತಿ ತಗೋ ಯವ್ವಾ" ಎಂದು ಹೇಳಿ, ಶಾಲು ಸರಿಪಡಿಸಿಕೊಂಡು ಹೊರಟುಹೋದ.

ಮರುದಿನದ ಪತ್ರಿಕೆಯಲ್ಲಿ ದೊಡ್ಡ ಫೋಟೋ ಬಂತು. ಮೇಲೆ ತಲೆಬರಹ: ಸೇತುವೆ ಕಾಮಗಾರಿ, ಗುತ್ತಿಗೆದಾರರಿಗೆ ಶಾಲೆಯಿಂದ ಸತ್ಕಾರ. ಕೆಳಗೆ ನಾನೇ ಬರೆದ ಹೆಸರುಗಳೆಲ್ಲ ಒಂದೂ ಬಿಡದಂತೆ ಕ್ರಮವಾಗಿ ಇದ್ದವು. ಹಲಗೆ ಇಲ್ಲ, ಸಲಾಕೆ ಇಲ್ಲ, ಸುಜಾತಾ ಇಲ್ಲ. ಕಮಲವ್ವ ಬೆಳಿಗ್ಗೆಯೇ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಜಗಳಕ್ಕೆ ಬಂದಿದ್ದಾಳೆಂದುಕೊಂಡೆ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ನನ್ನ ಮಗಳ ಓದಿ ಹೇಳಿದ್ಲ್ರಿ," ಎಂದಳು. "ನೀವು ಓದಾಕ ಕಲಸಿದ್ದಕ್ಕ ನಮಗ ಗೊತ್ತಾತು. ಇಲ್ಲಂದ್ರ ಏನೋ ಚಲೋ ಬರದಿರಬೇಕು ಅಂತ ತಿಳಕೋತಿದ್ದಿವಿ." ಅಷ್ಟು ಹೇಳಿ ತೋಟದ ಟೆಂಪೋ ಹತ್ತಿಹೋದಳು.

ಅವಮಾನವಾದಾಗ ಮನುಷ್ಯನಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಬೈಯಲು ಒಬ್ಬ. ನಾನು ಶಾಲೆಗೆ ಅರ್ಧ ದಿನದ ರಜೆ ಬರೆದುಕೊಟ್ಟು ಬೈಕಿನ ಕಿಕ್ ಒದ್ದು ಉಮದಿಗೆ ಹೋದೆ. ಅಲ್ಲಿ ಬಾಜಾರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಸಿದ್ರಾಮನೇ ಆ ಪತ್ರಿಕೆಯ ವರದಿಗಾರ. ದಿನವೆಲ್ಲ ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆಯುತ್ತ, ನಡುನಡುವೆ ಫೋನಿನಲ್ಲೇ ಬಾತ್ಮಿ ಬೆರಳಚ್ಚಿಸಿ ಕಳಿಸುವ ಮನುಷ್ಯ; ಮಹಾ ಜಗಳಗಂಟ.

"ಬರ್ರಿ ಸರ್ರ, ಕುಂದ್ರಿ" ಎಂದ.

"ಕುಂದ್ರಾಕ ಬಂದಿಲ್ಲ ನಾ. ಬಾಯಾಗ ಶಿರಾ ಇಟ್ಟ ಕೂಡ್ಲೆ ಕಣ್ಣ ಮುಚ್ಚತಾವೇನು ನಿಮ್ಮವು? ಒಂದು ಹುಡಿಗಿ ಕೈ ಮುರಕೊಂಡು ಎದರಿಗೆ ಕುಂತಿದ್ಲು!" ಎಂದು ಶುರು ಮಾಡಿ, ಪತ್ರಿಕೋದ್ಯಮದ ಅಧಃಪತನದ ಬಗ್ಗೆ ನನಗೆ ತಿಳಿದದ್ದನ್ನೂ ತಿಳಿಯದ್ದನ್ನೂ ಹೇಳಿದೆ. ಝೆರಾಕ್ಸಿಗೆ ಬಂದ ಇಬ್ಬರು ತಮ್ಮ ಕೆಲಸ ಮರೆತು ಕೇಳುತ್ತ ನಿಂತರು. ಸಿದ್ರಾಮ ಫೋನು ತೆಗೆದು ನಾನು ಕಳಿಸಿದ್ದ ಬಾತ್ಮಿಯನ್ನು ನನ್ನ ಮುಖಕ್ಕೆ ಹಿಡಿದ.

"ಪೂಲ ಎಲ್ಲೈತಿ ತೋರಸ್ರಿ."

"ಕೆಳಗೈತಿ."

ಅವನು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿದ. ಉಪಾಧ್ಯಕ್ಷರು ಹೋದರು, ಸಂಚಾಲಕರು ಹೋದರು. "ಇನ್ನೂ ಕೆಳಗ?" "ಇನ್ನೂ ಒಂದೀಟು." ಮಾಜಿ ಸಂಚಾಲಕರು ಹೋದರು, ವಂದನಾರ್ಪಣೆ ಮಾಡಿದವರೂ ಹೋದರು. ಅದರ ಕೆಳಗೆ, ಎಲ್ಲಕ್ಕಿಂತ ಕೊನೆಗೆ, "ಇದೇ ಸಂದರ್ಭದಲ್ಲಿ ಸೇತುವೆ ಕಾಮಗಾರಿಯನ್ನು ತ್ವರಿತಗೊಳಿಸುವಂತೆಯೂ ವಿನಂತಿಸಲಾಯಿತು" ಎಂಬ ಸಾಲು ಕುಳಿತಿತ್ತು.

"ಪೇಪರಿನ್ಯಾಗ ಇಷ್ಟ ಆಳ ಇರೂದಿಲ್ರಿ ಸರ್ರ," ಎಂದ ಸಿದ್ರಾಮ. ಈಗ ಅವನ ದನಿಯೂ ಏರಿತು. "ಜಾಗಾ ಕಡಿಮಿ ಬಿತ್ತಂದ್ರ ಡೆಸ್ಕಿನವ್ರು ತಳದಾಗಿಂದ ಕತ್ತರಸ್ತಾರ. ನೀವು ಕಳಿಸಿದ್ದೂ ಪೇಜ ಅಚ್ಚಿಗಿ ಹೋಗೂ ಹೊತ್ತಿಗಿ. ಫೋಟೋದಾಗ ಶಾಲ ಐತಿ, ಬಾತ್ಮ್ಯಾಗ ಶಾಲ ಐತಿ, ನಿಮ್ಮ ಬಾಯಾಗ ಕರ್ತವ್ಯದಕ್ಷ ಐತಿ. ನಾ ಪೂಲ ಎಲ್ಲಿಂದ ತರ್ಲಿ? ಹ್ವಾದು, ಅವನ ದೀಪಾವಳಿ ಜಾಹೀರಾತ ನಾ ತಗೋತೀನಿ. ಆದ್ರ ಬಾತ್ಮಿ ನಾ ಮುಚ್ಚಿಲ್ಲ. ಮುಚ್ಚಿ ಕೊಟ್ಟವ್ರು ನೀವು. ನೀವೆಲ್ಲಾರೂ ನಮ್ಮನ್ನ ಉಪ್ಪಿಟ್ಟಿಗಿ ಕರೀತೀರಿ, ಬಾತ್ಮಿಗಿ ಯಾರ ಕರೀತೀರಿ?"

ತಪ್ಪು ನಮ್ಮದೇ ಆಗಿದ್ದಾಗ ಬರುವ ಸಿಟ್ಟಿನಷ್ಟು ಕೆಟ್ಟ ಸಿಟ್ಟು ಇನ್ನೊಂದಿಲ್ಲ. ನಾನು ಅವನ ಅಂಗಡಿಯ ಬಾಗಿಲನ್ನು ಧಡ್ ಎಂದು ಹಾಕಿಕೊಂಡು ಹೊರಡಬೇಕೆಂದಿದ್ದೆ. ಅಂಗಡಿಗೆ ಇದ್ದದ್ದು ಶಟರ್. ಹಾಗೆಯೇ ಹೊರಟೆ.

ಮುಂದಿನ ವಾರ ತಾಲೂಕಿನ ಊರಿಗೆ ಅರ್ಜಿ ಹಿಡಿದು ಹೋದೆ. ಯಾವ ಕಚೇರಿ, ಯಾವ ಸಾಹೇಬರು ಎಂದು ಕೇಳಬೇಡಿ. ಅವರು ಬಹಳ ಮರ್ಯಾದೆಯಿಂದ ಕೂರಿಸಿ, ಫೋನಿನಲ್ಲಿ ಒಂದು ಪತ್ರಿಕೆಯ ತುಣುಕು ತೋರಿಸಿ, ಇವರು ನೀವೇ ಅಲ್ಲವೇ ಎಂದು ಮರಾಠಿಯಲ್ಲಿ ನಯವಾಗಿ ಕೇಳಿದರು. ಫೋಟೋದ ಮೂಲೆಯಲ್ಲಿ ಮೈಕು ಹಿಡಿದು ಹಲ್ಲು ಕಿರಿಯುತ್ತಿದ್ದವನು ನಾನೇ. ರಾಯಗೊಂಡಪ್ಪ ಆ ತುಣುಕನ್ನು ಕಂಡಕಂಡವರಿಗೆಲ್ಲ ಕಳಿಸಿದ್ದನಂತೆ. ಶಾಲೆಯವರೇ ಸಂತುಷ್ಟರಾಗಿರುವಾಗ ದೂರು ಯಾರದು ಎಂದು ಸಾಹೇಬರು ಕೇಳಿದರು. ಅವರ ಮೇಲೂ ಸಿಟ್ಟು ಮಾಡಿಕೊಳ್ಳಬೇಕೆಂದು ಬಹಳ ಪ್ರಯತ್ನಿಸಿದೆ, ಆಗಲಿಲ್ಲ. ಅವರ ಕುರ್ಚಿಯಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಬಸ್ ಸ್ಟ್ಯಾಂಡಿಗೆ ಬಂದರೆ ನಮ್ಮೂರ ದಿಕ್ಕಿನಲ್ಲಿ, ಸಂಖದ ಕಡೆ, ಆಕಾಶ ಕಪ್ಪಾಗಿತ್ತು. ಇಡೀ ತಾಲೂಕು ಮಳೆ ಮಳೆ ಎಂದು ಬಾಯಿ ಬಿಡುತ್ತಿರುವಾಗ ಮೋಡ ಕಂಡು ಬೈದವರು ಬಹುಶಃ ನಾನೂ ಕಮಲವ್ವನೂ ಮಾತ್ರ.

ಆ ಸಂಜೆ ಅಭಿಮಾನ ನುಂಗಿಕೊಂಡು ಸಿದ್ರಾಮನಿಗೆ ಫೋನು ಮಾಡಿದೆ. "ನಾಳಿ ಮುಂಜಾನೆ ಸಾಲಿ ಹೊತ್ತಿಗಿ ಹಳ್ಳಕ್ಕ ಬರ್ರಿ. ಅಧ್ಯಕ್ಷರಿಲ್ಲ, ಶಾಲಿಲ್ಲ, ಭಾಷಣಿಲ್ಲ, ಉಪ್ಪಿಟ್ಟೂ ಇಲ್ಲ."

"ಚಹಾ?" ಎಂದ.

"ಮನ್ಯಾಗ ಕುಡದ ಬರ್ರಿ."

ಬಂದ. ನಾನು ಹಳೆಯ ಚಾಳಿಯಂತೆ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ನಡುವೆ ನಾನು ನಿಂತು, ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದೆ. "ಸರ್ರ, ಬಾಜೂ ಸರೀರಿ! ದಿನಾ ಹ್ಯಾಂಗ ದಾಟ್ತಾರ ಹಂಗ ದಾಟ್ಲಿ" ಎಂದು ಗದರಿಸಿದ. ಕಮಲವ್ವ ಮಾತಾಡುವಾಗ ನಾನು ನಡುವೆ ಬಾಯಿ ಹಾಕಿ, "ಅಂದರೆ ಆಕೆ ಹೇಳುವುದು, ಮೂಲಭೂತ ಸೌಕರ್ಯಗಳ ಅಭಾವದಿಂದಾಗಿ..." ಎಂದೆ. "ಆಕೀಗಿ ಬಾಯಿ ಐತಿ" ಎಂದ ಸಿದ್ರಾಮ. ವಿದ್ಯಾರ್ಥಿಗಳ ಎದುರಿಗೇ ನನ್ನನ್ನು ಸುಮ್ಮನಿರಿಸಿದ ಆ ಮನುಷ್ಯನನ್ನು ಹಳ್ಳಕ್ಕೆ ನೂಕಬೇಕೆನಿಸಿತು. ಆದರೆ ಕೆಲಸ ಯಾವಾಗ ಶುರುವಾಯಿತು, ಯಾವಾಗ ನಿಂತಿತು, ಯಾರನ್ನು ಕೇಳಬೇಕು, ಅವರ ಫೋನ್ ನಂಬರ್ ಏನು ಎಂದು ಅರ್ಧ ಹಾಳೆಯಲ್ಲಿ ಬರೆದು ತಂದಿದ್ದೆ. ಅದನ್ನು ಕೊಟ್ಟಾಗ ಅವನು ಮೊದಲ ಸಲ ನನ್ನನ್ನು ಮನುಷ್ಯನಂತೆ ನೋಡಿದ. ಅಲ್ಲಿಂದಲೇ ರಾಯಗೊಂಡಪ್ಪನಿಗೂ ಸಾಹೇಬರಿಗೂ ಫೋನು ಹಚ್ಚಿ ಅವರ ಮಾತನ್ನೂ ಬರೆದುಕೊಂಡ. ಅವರ ಮಾತು ಯಾಕೆ ಎಂದು ನಾನು ಕೆರಳಿದೆ. "ಅವ್ರನ್ನ ಕೇಳದ ಬರದ್ರ ನಾಳಿ ಸುಳ್ಳ ಅಂತಾರ. ಕೇಳಿ ಬರದ್ರ ಆಡಿದ ಮಾತಿಗಿ ಸಿಗತಾರ" ಎಂದ.

ಮರುದಿನ ಬಂದ ಸುದ್ದಿ ಅಂಗೈಯಷ್ಟೇ ಇತ್ತು. ಫೋಟೋದಲ್ಲಿ ಪ್ಲಾಸ್ಟರಿನ ಕೈ, ಹಲಗೆ, ಸಲಾಕೆ. ತಲೆಬರಹ ಕಮಲವ್ವನ ಮಾತೇ: ಮಳೆ ಬರುವುದರೊಳಗೆ ಸೇತುವೆ ಆಗದಿದ್ದರೆ ಮಗಳನ್ನು ಶಾಲೆ ಬಿಡಿಸುತ್ತೇನೆ. ಕೊನೆಯಲ್ಲಿ ರಾಯಗೊಂಡಪ್ಪ ಆಡಿದ ಒಂದು ಸಾಲು, ಮಳೆಗಾಲ ಮುಗಿದ ಮೇಲೆ ನೋಡೋಣ ಎಂದು. ಅದನ್ನು ಓದಿದವರಿಗೆ ಬೇರೆ ಯಾರೂ ಬೈದು ತೋರಿಸಬೇಕಾಗಿರಲಿಲ್ಲ. ಮರಾಠಿ ಪತ್ರಿಕೆಯವರು ತಾವಾಗಿಯೇ ನನಗೆ ಫೋನು ಮಾಡಿದರು. ಮಧ್ಯಾಹ್ನ ಸಾಹೇಬರ ಜೀಪು ಹಳ್ಳಕ್ಕೆ ಬಂತು, ಎರಡು ದಿನದಲ್ಲಿ ಕಾಂಕ್ರೀಟಿನ ಮಿಕ್ಸರ್ ಬಂತು. ರಾಯಗೊಂಡಪ್ಪ ನನ್ನನ್ನು ಕಂಡು ನಿಜವಾಗಿಯೂ ನೊಂದ ದನಿಯಲ್ಲಿ, "ಶಾಲ ಹೊದಿಸಿದವ್ರ ಹಿಂಗ ಮಾಡಿದ್ರಲ್ರಿ ಸರ್ರ" ಎಂದ. ಅಧ್ಯಕ್ಷರಂತೂ ಫೋನಿನಲ್ಲೇ ಸಿಡಿದರು. "ಏನ್ರಿ ಇದು, ನಾ ಇಲ್ಲ, ಉಪಾಧ್ಯಕ್ಷರಿಲ್ಲ, ಸಂಸ್ಥಾದ ಹೆಸರ ಒಂದ ಸಲ! ನಿಮ್ಮನ್ನ ಆ ಹುದ್ದೇದಿಂದ ತಗೀತೀನಿ ನೋಡ್ರಿ" ಎಂದರು. "ಇವತ್ತ ತಗೀರಿ" ಎಂದು ನಾನೂ ಒದರಿದೆ. ತೆಗೆಯಲಿಲ್ಲ. ಆ ಖಾನೆ ತೆಗೆದುಕೊಳ್ಳಲು ಸ್ಟಾಫಿನಲ್ಲಿ ಇನ್ನಾರೂ ತಯಾರಿರಲಿಲ್ಲ.

ಮಳೆ ನಮಗಾಗಿ ಸ್ವಲ್ಪ ತಡ ಮಾಡಿತು. ಸ್ಲ್ಯಾಬು ಗಟ್ಟಿಯಾದ ಮೇಲೆಯೇ ಹಳ್ಳ ಬಂತು. ಕೆಂಪು ನೀರು ಸೇತುವೆಯ ಕೆಳಗೆ ಹರಿಯುತ್ತಿರುವಾಗ ಸುಜಾತಾ ಗೋಣಿಚೀಲದ ಗೊಪ್ಪೆ ಹಾಕಿಕೊಂಡು, ಪ್ಲಾಸ್ಟರ್ ಬಿಚ್ಚಿದ ಕೈಯಲ್ಲಿ ಪಾಟಿಚೀಲ ಹಿಡಿದು, ನಡುವೆ ನಿಂತು ಕೆಳಗೆ ಇಣುಕಿ ನೋಡಿ ಶಾಲೆಗೆ ಬಂದಳು. ನಾನು ಬಾಗಿಲಲ್ಲೇ ಅವಳ ದಾರಿ ಕಾಯುತ್ತಿದ್ದೆ. ಅದನ್ನು ಮರೆಮಾಡಲು ತಡವಾಗಿ ಬಂದಳೆಂದು ಅವಳನ್ನೇ ಗದರಿದೆ.

ಅದರ ಸುದ್ದಿಯನ್ನೂ ಸಿದ್ರಾಮ ಬರೆದ. ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತು ಓದಿದೆ. ಸುಜಾತಾಳ ಹೆಸರಿತ್ತು, ಕಮಲವ್ವನ ಹೆಸರಿತ್ತು, ಬಂದ ಮಳೆಯ ವಿಷಯವಿತ್ತು. ಒಂದೂ ಹೆಚ್ಚಿನ ಮಾತಿಲ್ಲದ ಚೊಕ್ಕ ಸುದ್ದಿ. ಕನ್ನಡಕ ಒರೆಸಿಕೊಂಡು ಮೊದಲಿನಿಂದ ಮತ್ತೊಮ್ಮೆ ಓದಿದೆ. ಫೋಟೋದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದೆ. ಸುದ್ದಿ ಪಕ್ಕದ ಕಾಲಮ್ಮಿಗೇನಾದರೂ ಮುಂದುವರಿದಿದೆಯೋ ಎಂದು ಅಲ್ಲಿಯೂ ಓದಿದೆ; ಅಲ್ಲಿ ದಾಳಿಂಬೆಯ ದರ ಇತ್ತು. ಶಾಂತಾ ಚಹ ತಂದಿಟ್ಟು, "ಏನ ಹುಡಕಾಕ್ಹತ್ತೀರಿ?" ಎಂದು ಕೇಳಿದಳು.

"ಏನಿಲ್ಲ, ಅಕ್ಷರ ತಪ್ಪ ಅದಾವೇನು ನೋಡಾಕ್ಹತ್ತೀನಿ."

"ನಿಮ್ಮ ಹೆಸರ ಇಲ್ರಿ," ಎಂದಳು. "ನಾನೂ ಎರಡ ಸಲ ನೋಡೀನಿ."

ಆ ದಿನದಿಂದ ಸಿದ್ರಾಮನ ಮೇಲೆ ನಾವಿಬ್ಬರೂ ಸಿಟ್ಟಾಗಿದ್ದೇವೆ.